ಮಟ್ಟುಗುಳ್ಳದ ಸ್ಟಿಕರ್ ಚಿತ್ರ ಬಿಡಿಸುತ್ತಾ ಇಂಕ್‌ಸ್ಕೇಪ್ ಕಲಿಯುವುದು: ಹೊಸಬರಿಗೆ ಹಂತ ಹಂತದ ಮಾರ್ಗದರ್ಶಿ

ಉಡುಪಿಯಲ್ಲಿ ಶನಿವಾರ ಮಧ್ಯಾಹ್ನ ಕೆಲವರಿಗೆ ಇಂಕ್‌ಸ್ಕೇಪ್ ಹೇಳಿಕೊಡುತ್ತೇನೆ. ಇದು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ. ಬರುವವರಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರಿದ್ದಾರೆ. ಕಾಲೇಜು ಮಕ್ಕಳಿದ್ದಾರೆ. ಭಜನಾ ಮಂಡಳಿಯ ಆಮಂತ್ರಣ ಪತ್ರಿಕೆ ತಾವೇ ಮಾಡಬೇಕು ಅಂತ ಬಂದವರೂ ಇದ್ದಾರೆ. ಇಷ್ಟು ಬೇರೆ ಬೇರೆ ಜನ, ಆದರೆ ಎಡವುವ ಜಾಗ ಮಾತ್ರ ಒಂದೇ.

ಮೊದಲ ದಿನವೇ ಯಕ್ಷಗಾನದ ಕಿರೀಟದ ಫೋಟೋ ಹಾಕಿಕೊಂಡು ಅದರ ಮೇಲೆ ಪೆನ್ಸಿಲ್ ಟೂಲ್‌ನಲ್ಲಿ ತಿದ್ದಲು ಹೊರಡುತ್ತಾರೆ. ಎರಡು ಗಂಟೆ ಕಳೆದ ಮೇಲೆ ನೋಡಿದರೆ ಗೆರೆಯೆಲ್ಲ ನಡುಗಿದ ಹಾಗಿರುತ್ತದೆ, ಬಣ್ಣ ತುಂಬಿದರೆ ಎಲ್ಲೆಲ್ಲೋ ಹೋಗುತ್ತದೆ, ಕಷ್ಟಪಟ್ಟು ಮುಗಿಸಿ ಪ್ರೆಸ್‌ಗೆ ಕೊಟ್ಟರೆ "ಕರ್ವ್ ಮಾಡಿ ಕೊಡಿ" ಅಂತ ಫೈಲ್ ವಾಪಸ್ ಬರುತ್ತದೆ. ಮುಂದಿನ ವಾರ ಅವರು ಕ್ಲಾಸಿಗೆ ಬರುವುದಿಲ್ಲ. ನನಗೆ ಇದು ನಿಜವಾಗಿ ಬೇಸರದ ವಿಷಯ. ಏಕೆಂದರೆ ಅವರ ಕೈ ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ ಅಷ್ಟೇ.

ಹಾಗಾಗಿ ಇಲ್ಲಿ ಒಂದೇ ಒಂದು ಚಿತ್ರ ಇಟ್ಟುಕೊಂಡು ಶುರುವಿಂದ ಕೊನೆವರೆಗೆ ಹೋಗೋಣ. 60 ಮಿಲಿಮೀಟರ್‌ನ ಒಂದು ಉರುಟು ಸ್ಟಿಕರ್. ನಡುವೆ ಒಂದು ಮಟ್ಟುಗುಳ್ಳ (ಉಡುಪಿಯ ಮಟ್ಟು ಊರಿನ ಉರುಟು ಹಸಿರು ಬದನೆ), ಸುತ್ತ ಕನ್ನಡ ಅಕ್ಷರ. ಗುಳ್ಳವನ್ನೇ ಆರಿಸಲು ಕಾರಣ ಉಂಟು. ಅದರ ಮೈ ಉರುಟು, ತೊಟ್ಟಿಗೆ ಚೂಪು ಮೂಲೆಗಳಿವೆ, ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ. ಹೊಸಬರು ಕಲಿಯಬೇಕಾದ ಮೂರೂ ಕಷ್ಟ ಒಂದೇ ಚಿತ್ರದಲ್ಲಿ ಸಿಗುತ್ತವೆ.

## ಕೂರುವ ಮೊದಲು ಬೇಕಾದದ್ದು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. 4 ಜಿಬಿ ರ‍್ಯಾಮ್‌ನ ಹಳೆಯದಾದರೂ ಈ ಕೆಲಸಕ್ಕೆ ನಡೆಯುತ್ತದೆ. ಇಂಕ್‌ಸ್ಕೇಪ್ ಉಚಿತ, ಅದರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಆವೃತ್ತಿ 1 ಅಥವಾ ಅದರ ನಂತರದ್ದು ಇರಲಿ. ಹಳೆಯ 0.92 ಹಾಕಿಕೊಂಡವರಿಗೆ ಮೆನುಗಳು ಬೇರೆ ಕಡೆ ಕಾಣುತ್ತವೆ, ಆಗ ಸುಮ್ನೆ ಗೊಂದಲ.

ಮೌಸ್ ಬೇಕೇ ಬೇಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಪೆನ್ ಟೂಲ್ ಕಲಿಯಲು ಹೊರಟು ಸೋತವರನ್ನು ಎಷ್ಟು ಮಂದಿ ನೋಡಿದ್ದೇನೋ. ಕ್ಲಿಕ್ ಒತ್ತಿ ಹಿಡಿದು ಎಳೆಯುವುದೇ ಈ ಟೂಲಿನ ಜೀವ, ಅದು ಟಚ್‌ಪ್ಯಾಡಿನಲ್ಲಿ ಬೆರಳಿಗೆ ಒಗ್ಗುವುದಿಲ್ಲ. ಸಾಧಾರಣ ಯುಎಸ್‌ಬಿ ಮೌಸ್ ಸಾಕು.

ಒಂದು ಗುಳ್ಳದ ಫೋಟೋ ನೀವೇ ತೆಗೆಯಿರಿ. ಬಿಳಿ ಪಂಚೆ ಅಥವಾ ಕಾಗದದ ಮೇಲಿಟ್ಟು, ಅದರ ಎತ್ತರಕ್ಕೇ ಮೊಬೈಲ್ ಹಿಡಿದು ನೇರವಾಗಿ ತೆಗೆಯಿರಿ. ಮಟ್ಟುಗುಳ್ಳ ಸಿಗದಿದ್ದರೆ ಅಭ್ಯಾಸಕ್ಕೆ ಯಾವ ಉರುಟು ಬದನೆಯೂ ಆದೀತು. ಆದರೆ ಮಾರುವ ತರಕಾರಿಗೆ ಅಂಟಿಸುವಾಗ ಹುಷಾರು. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಬೇರೆ ಊರಿನ ಬದನೆಗೆ ಆ ಹೆಸರು ಹಾಕುವ ಹಾಗಿಲ್ಲ.

ಕೊನೆಯದಾಗಿ ಒಂದು ಹಾಳೆ, ಒಂದು ಪೆನ್ಸಿಲ್.

## ಹಂತ 1: ಹಾಳೆಯ ಮೇಲೆ ಗುಳ್ಳವನ್ನು ಬಿಡಿಬಿಡಿ ಮಾಡಿ

ಕಂಪ್ಯೂಟರ್ ಇನ್ನೂ ಆನ್ ಮಾಡಬೇಡಿ. ಗುಳ್ಳವನ್ನು ನೋಡಿ, ಇದು ಎಷ್ಟು ತುಂಡುಗಳಿಂದ ಆಗಿದೆ ಅಂತ ಬರೆಯಿರಿ. ನನ್ನ ಲೆಕ್ಕದಲ್ಲಿ ನಾಲ್ಕು: ಉರುಟು ಮೈ, ಮೈ ಮೇಲಿನ ತಿಳಿ ಗೆರೆಗಳು, ಮೇಲೆ ಟೋಪಿಯ ಹಾಗೆ ಕೂತ ತೊಟ್ಟಿನ ಎಲೆ, ಅದರಿಂದ ಎದ್ದ ಕಾಂಡ. ಮುಳ್ಳನ್ನು ಕೊನೆಗೆ ಸೇರಿಸಬಹುದು.

ಈಗ ಯಾವುದು ಕೆಳಗೆ, ಯಾವುದು ಮೇಲೆ ಅಂತ ಸಂಖ್ಯೆ ಹಾಕಿ. ವೆಕ್ಟರ್ ಚಿತ್ರ (ಚುಕ್ಕಿಗಳ ಬದಲು ಗೆರೆ, ಆಕಾರಗಳಿಂದಾದ ಚಿತ್ರ) ಅಂದರೆ ಬಣ್ಣದ ಕಾಗದ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ ಹಾಗೆ. ಮೈಯ ಮೇಲ್ಭಾಗ ತೊಟ್ಟಿನ ಎಲೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಅಲ್ವಾ? ಹಾಗಿದ್ದಮೇಲೆ ಅಲ್ಲಿ ಎಲೆಯ ಅಂಚಿಗೆ ಸರಿಯಾಗಿ ಮೈಯನ್ನು ಕತ್ತರಿಸುವ ಅಗತ್ಯವೇ ಇಲ್ಲ. ಮೈ ಪೂರ್ತಿ ಉರುಟಾಗಿರಲಿ, ಮೇಲೆ ಎಲೆ ಕೂರಲಿ. ಇದು ತಲೆಗೆ ಹೋಗದವರು ಅಂಚಿಗೆ ಅಂಚು ಕೂಡಿಸಲು ಹೋಗುತ್ತಾರೆ, ನಡುವೆ ಕೂದಲೆಳೆಯಷ್ಟು ಬಿಳಿ ಸಂದು ಉಳಿಯುತ್ತದೆ.

## ಹಂತ 2: ಪುಟ, ಅಳತೆ, ಲೇಯರ್

ಇಂಕ್‌ಸ್ಕೇಪ್ ತೆರೆದು ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ. ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯುತ್ತದೆ. ಅಳತೆಯನ್ನು ಪಿಕ್ಸೆಲ್‌ನಿಂದ ಮಿಲಿಮೀಟರ್‌ಗೆ ಬದಲಿಸಿ. ಅಗಲ 66, ಎತ್ತರ 66 ಕೊಡಿ. ಸ್ಟಿಕರ್ 60 ಇರುವಾಗ 66 ಯಾಕೆ ಅಂದರೆ, ಕತ್ತರಿಸುವ ಬ್ಲೇಡು ಸ್ವಲ್ಪ ಆಚೀಚೆ ಹೋಗುತ್ತದೆ. ಸುತ್ತಲೂ 3 ಮಿಲಿಮೀಟರ್ ಹಿನ್ನೆಲೆ ಬಣ್ಣ ಜಾಸ್ತಿ ಇರಬೇಕು, ಅದಕ್ಕೆ ಬ್ಲೀಡ್ ಅಂತಾರೆ. ನಾನು ಮೊದಮೊದಲು ಇದು ಗೊತ್ತಿಲ್ಲದೆ 500 ಸ್ಟಿಕರ್ ಮಾಡಿಸಿದ್ದೆ, ಅರ್ಧಕ್ಕೆ ಅರ್ಧ ಒಂದು ಬದಿಯಲ್ಲಿ ಬಿಳಿ ಅಂಚು ಬಂದಿತ್ತು. ಎಲ್ಲ ಎಸೆಯಬೇಕಾಯಿತು.

ಈಗ ಕಂಟ್ರೋಲ್, ಶಿಫ್ಟ್, ಎಲ್ ಒತ್ತಿ. ಲೇಯರ್ ಪಟ್ಟಿ ಬರುತ್ತದೆ. ಲೇಯರ್ ಅಂದರೆ ಒಂದರ ಮೇಲೊಂದು ಕೂರುವ ಪದರ. ನಾಲ್ಕು ಲೇಯರ್ ಮಾಡಿ, ಕೆಳಗಿನಿಂದ ಮೇಲಕ್ಕೆ ಈ ಕ್ರಮದಲ್ಲಿ: ಹಿನ್ನೆಲೆ, ಫೋಟೋ, ಗುಳ್ಳ, ಅಕ್ಷರ. ಹೆಸರು ಕನ್ನಡದಲ್ಲೇ ಇಡಬಹುದು.

ಫೋಟೋ ಲೇಯರ್ ಆರಿಸಿ, ಕಂಟ್ರೋಲ್ ಮತ್ತು ಐ ಒತ್ತಿ ಫೋಟೋ ತನ್ನಿ. ಎಂಬೆಡ್ ಬೇಕಾ ಲಿಂಕ್ ಬೇಕಾ ಅಂತ ಕೇಳುತ್ತದೆ. ಎಂಬೆಡ್ ಅನ್ನಿ, ಫೋಟೋ ಫೈಲ್‌ನೊಳಗೇ ಸೇರುತ್ತದೆ. ಲಿಂಕ್ ಮಾಡಿದರೆ ಫೋಟೋ ಇರುವ ಫೋಲ್ಡರ್ ಬದಲಾದ ಕೂಡಲೇ ಚಿತ್ರ ಮಾಯ. ಫೋಟೋವನ್ನು ಪುಟದೊಳಗೆ ಸಣ್ಣದು ಮಾಡುವಾಗ ಕಂಟ್ರೋಲ್ ಒತ್ತಿಕೊಂಡೇ ಮೂಲೆ ಎಳೆಯಿರಿ, ಇಲ್ಲದಿದ್ದರೆ ಗುಳ್ಳ ಸೋರೆಕಾಯಿ ಆಗುತ್ತದೆ. ಒಪ್ಯಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಅಂಕಿ) 40ಕ್ಕೆ ಇಳಿಸಿ, ಲೇಯರ್ ಪಕ್ಕದ ಬೀಗ ಒತ್ತಿ. ಬೀಗ ಹಾಕದೆ ಮುಂದೆ ಹೋಗಬೇಡಿ. ಗೆರೆ ಎಳೆಯಲು ಹೋದಾಗಲೆಲ್ಲ ಫೋಟೋವೇ ಜರುಗಿದರೆ ನಿಮ್ಮ ತಾಳ್ಮೆ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಮಾತು. ತುಳುವರ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಇನ್‌ಪುಟ್/ಔಟ್‌ಪುಟ್ ಅಡಿಯಲ್ಲಿ ಆಟೋಸೇವ್ ಹುಡುಕಿ, 3 ನಿಮಿಷಕ್ಕೊಮ್ಮೆ ಅಂತ ಇಡಿ. ಆದರೂ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಬಿಡಬೇಡಿ.

## ಹಂತ 3: ಎರಡು ಬಾಣಗಳ ವ್ಯತ್ಯಾಸ

ಎಡಗಡೆಯ ಪಟ್ಟಿಯಲ್ಲಿ ಮೇಲಿನ ಎರಡು ಟೂಲ್‌ಗಳೂ ಬಾಣದ ಹಾಗೆ ಕಾಣುತ್ತವೆ. ಮೊದಲನೆಯದು ಸೆಲೆಕ್ಟರ್, ಕೀಲಿ ಎಸ್. ಇದು ಇಡೀ ವಸ್ತುವನ್ನು ಹಿಡಿಯುತ್ತದೆ. ಎರಡನೆಯದು ನೋಡ್ ಟೂಲ್, ಕೀಲಿ ಎನ್. ಇದು ವಸ್ತುವಿನ ಒಳಗಿನ ಬಿಂದುಗಳನ್ನು ಹಿಡಿಯುತ್ತದೆ. ಆ ಬಿಂದುಗಳಿಗೆ ನೋಡ್ ಅಂತ ಹೆಸರು. "ಸರ್, ಇದು ಜರುಗ್ತಾ ಇಲ್ಲ" ಅನ್ನುವ ದೂರುಗಳಲ್ಲಿ ಹೆಚ್ಚಿನವು ಎನ್ ಬೇಕಾದಲ್ಲಿ ಎಸ್ ಇದ್ದದ್ದರಿಂದ ಬಂದವು.

ಒಂದು ಚೌಕ ಬಿಡಿಸಿ ಹತ್ತು ನಿಮಿಷ ಆಟವಾಡಿ. ಎಸ್ ಒತ್ತಿ ಒಮ್ಮೆ ಕ್ಲಿಕ್ ಮಾಡಿದರೆ ಸುತ್ತಲಿನ ಬಾಣಗಳು ಅಳತೆ ಬದಲಿಸುತ್ತವೆ. ಅದರ ಮೇಲೆಯೇ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಬಾಣಗಳು ಬಾಗಿ, ತಿರುಗಿಸುವ ಬಾಣ ಆಗುತ್ತವೆ. ಅಳತೆ ಬದಲಿಸಲು ಹೋಗಿ ತಿರುಗಿತು ಅಂದರೆ ನೀವು ಎರಡು ಸಲ ಒತ್ತಿದ್ದೀರಿ ಅಂತ ಅರ್ಥ. ಪೇಜ್ ಅಪ್ ಒತ್ತಿದರೆ ವಸ್ತು ಒಂದು ಮೆಟ್ಟಿಲು ಮೇಲೆ, ಪೇಜ್ ಡೌನ್ ಒತ್ತಿದರೆ ಕೆಳಗೆ. 5 ಒತ್ತಿದರೆ ಇಡೀ ಪುಟ ಪರದೆಗೆ ಸರಿಯಾಗಿ ಕೂರುತ್ತದೆ. ಝೂಮ್ ಮಾಡಿ ಎಲ್ಲೋ ಕಳೆದುಹೋದಾಗ 5 ನಿಮ್ಮನ್ನು ಮನೆಗೆ ತರುತ್ತದೆ.

ಚೌಕವನ್ನು ಅಳಿಸಿ ಮುಂದೆ ಹೋಗಿ.

## ಹಂತ 4: ಮೈ — ಪೆನ್ ಮುಟ್ಟದೆ

ಮೊದಲು ಹಿನ್ನೆಲೆ ಲೇಯರ್‌ನಲ್ಲಿ ಇ ಒತ್ತಿ 66 ಮಿಲಿಮೀಟರ್‌ನ ವೃತ್ತ ಹಾಕಿ, ಬಣ್ಣ ಕೊಡಿ. ಎಸ್ ಒತ್ತಿ, ಅಳತೆಯನ್ನು ಮೇಲಿನ ಪಟ್ಟಿಯ ಡಬ್ಲ್ಯು, ಎಚ್ ಡಬ್ಬಿಗಳಲ್ಲೇ ಬರೆಯಬಹುದು. ಅಂಚಿನ ಗೆರೆ ತೆಗೆದುಬಿಡಿ, ಯಾಕೆಂದರೆ ಇಂಕ್‌ಸ್ಕೇಪ್ ಸಾಮಾನ್ಯವಾಗಿ ಗೆರೆಯ ದಪ್ಪವನ್ನೂ ಸೇರಿಸಿ ಅಳತೆ ತೋರಿಸುತ್ತದೆ. ಆಮೇಲೆ ಅದಕ್ಕೂ ಬೀಗ.

ಗುಳ್ಳ ಲೇಯರ್‌ಗೆ ಬನ್ನಿ. ಫೋಟೋದ ಮೈ ಮೇಲೆ ಒಂದು ಅಂಡಾಕಾರ ಎಳೆಯಿರಿ. ಅಡಿಯಲ್ಲಿರುವ ಫೋಟೋ ಕಾಣಬೇಕಲ್ಲ, ಅದಕ್ಕೆ ಸದ್ಯಕ್ಕೆ ಬಣ್ಣ ತುಂಬದೆ ಬರೀ ಗೆರೆ ಇಡಿ. ಈಗ ಕಂಟ್ರೋಲ್, ಶಿಫ್ಟ್, ಸಿ. ಅಂದರೆ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್, ಆಕಾರವನ್ನು ಬಿಂದು ಹಿಡಿದು ತಿದ್ದಬಹುದಾದ ಗೆರೆ (ಪಾತ್) ಮಾಡುವುದು. ಎನ್ ಒತ್ತಿ ನೋಡಿ: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೀಗೆ ನಾಲ್ಕೇ ನೋಡ್. ಪ್ರತಿಯೊಂದರಿಂದ ಎರಡು ಕೋಲುಗಳು ಹೊರಟಿವೆ, ಅವು ಹ್ಯಾಂಡಲ್.

ಕೆಳಗಿನ ನೋಡ್ ಹಿಡಿದು ಸ್ವಲ್ಪ ಇಳಿಸಿ. ಎಡ, ಬಲದ ನೋಡ್‌ಗಳನ್ನು ಕೊಂಚ ಕೆಳಗೆ ಜರುಗಿಸಿ. ಹ್ಯಾಂಡಲ್ ಉದ್ದ ಮಾಡಿದರೆ ಗೆರೆ ಉಬ್ಬುತ್ತದೆ, ಗಿಡ್ಡ ಮಾಡಿದರೆ ಬಿಗಿಯಾಗುತ್ತದೆ. ಫೋಟೋದ ಅಂಚಿಗೆ ಮೈ ಕೂರುವವರೆಗೆ ಇಷ್ಟೇ ಕೆಲಸ. ಇಲ್ಲಿ ಐದನೇ ನೋಡ್ ಸೇರಿಸಬೇಕು ಅಂತ ಕೈ ತುರಿಸುತ್ತದೆ. ಸೇರಿಸಬೇಡಿ. ನಾಲ್ಕರಲ್ಲಿ ಆಗದ ಉರುಟು ತುಂಬಾ ಕಡಿಮೆ, ಹೆಚ್ಚಾಗಿ ಹ್ಯಾಂಡಲ್ ಉದ್ದವೇ ತಪ್ಪಿರುತ್ತದೆ.

ನೋಡ್ ಎಳೆಯುವಾಗ ಅದು ತಾನೇ ಎಲ್ಲಿಗೋ ಹಾರಿ ಅಂಟಿಕೊಂಡರೆ ಸ್ನ್ಯಾಪಿಂಗ್ ಆನ್ ಇದೆ. ಬಲಗಡೆ ಮೇಲಿನ ಅಯಸ್ಕಾಂತದ ಚಿತ್ರ ಒತ್ತಿ ಆಫ್ ಮಾಡಿ.

## ಹಂತ 5: ಪೆನ್ ಟೂಲ್ — ಇಲ್ಲಿ ನಿಧಾನ ಮಾಡಿ

ಜನ ಬಿಟ್ಟುಹೋಗುವುದು ಇಲ್ಲಿಂದಲೇ. ಹಾಗಾಗಿ ಗುಳ್ಳದ ತೊಟ್ಟಿಗೆ ಕೈ ಹಾಕುವ ಮೊದಲು ಅರ್ಧ ಗಂಟೆ ಬೇರೆ ಫೈಲ್‌ನಲ್ಲಿ ಅಭ್ಯಾಸ ಮಾಡಿ. ಅಭ್ಯಾಸಕ್ಕೆ ನಮ್ಮ ಕನ್ನಡ ಅಕ್ಷರಗಳಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ನೇರ ಗೆರೆ ತುಂಬಾ ಕಡಿಮೆ, ಬರೀ ಬಳುಕು.

"ಗ" ಅಂತ ಪುಟದ ತುಂಬಾ ದೊಡ್ಡದಾಗಿ ಟೈಪ್ ಮಾಡಿ, ಬೂದು ಬಣ್ಣ ಕೊಟ್ಟು, ಆ ಲೇಯರ್‌ಗೆ ಬೀಗ ಹಾಕಿ. ಹೊಸ ಲೇಯರ್‌ನಲ್ಲಿ ಬಿ ಒತ್ತಿ, ಪೆನ್ ಟೂಲ್ ಬರುತ್ತದೆ. ಈಗ ಅಕ್ಷರದ ನಡುವಿನಲ್ಲಿ ಗೆರೆ ಎಳೆಯಬೇಕು.

ಪೆನ್ ಟೂಲ್‌ನಲ್ಲಿ ಎರಡೇ ಕೆಲಸ. ಸುಮ್ನೆ ಕ್ಲಿಕ್ ಮಾಡಿ ಬಿಟ್ಟರೆ ಮೂಲೆ. ಕ್ಲಿಕ್ ಮಾಡಿ, ಬಿಡದೆ ಎಳೆದರೆ ಬಾಗು. ಎಳೆಯಬೇಕಾದ್ದು ಗೆರೆ ಮುಂದೆ ಹೋಗುವ ದಿಕ್ಕಿಗೆ. ಹೊಸಬರು ಏನು ಮಾಡುತ್ತಾರೆ ಅಂದರೆ, ಬಾಗು ಯಾವ ಕಡೆ ಉಬ್ಬಬೇಕೋ ಆ ಕಡೆಗೆ ಎಳೆಯುತ್ತಾರೆ. ಆಗ ಗೆರೆ ಗಂಟು ಹಾಕಿಕೊಳ್ಳುತ್ತದೆ. ಪಡುಬಿದ್ರಿಯಿಂದ ಉಡುಪಿ ಕಡೆಗೆ ಹೈವೇಯಲ್ಲಿ ಬೈಕ್ ಓಡಿಸುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ತಿರುವಿನಲ್ಲಿ ಬೈಕಿನ ಮೂತಿ ಯಾವ ಕಡೆಗಿದೆಯೋ ಹ್ಯಾಂಡಲ್ ಆ ಕಡೆಗೆ. ತಿರುವಿನ ಹೊರಗಿರುವ ತೆಂಗಿನ ಮರದ ಕಡೆಗೆ ಎಳೆದರೆ ರಸ್ತೆ ಬಿಟ್ಟ ಹಾಗೆ.

ನೋಡ್ ಎಲ್ಲಿ ಇಡಬೇಕು? ಬಾಗಿನ ತುತ್ತತುದಿಯಲ್ಲಿ. ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಗೆರೆ ತಲುಪುವ ಜಾಗಗಳಲ್ಲಿ. ಅಲ್ಲಿ ಹ್ಯಾಂಡಲ್ ನೇರ ಅಡ್ಡ ಅಥವಾ ನೇರ ಉದ್ದ ಇರುತ್ತದೆ, ಕಂಟ್ರೋಲ್ ಒತ್ತಿಕೊಂಡು ಎಳೆದರೆ ಕೋನ ತಾನೇ ಸರಿಯಾಗುತ್ತದೆ. ಹ್ಯಾಂಡಲ್ ಎಷ್ಟು ಉದ್ದ? ಮುಂದಿನ ನೋಡ್‌ವರೆಗಿನ ದೂರದ ಮೂರನೇ ಒಂದು ಭಾಗದಿಂದ ಶುರು ಮಾಡಿ, ಆಮೇಲೆ ಎನ್ ಒತ್ತಿ ತಿದ್ದಿಕೊಳ್ಳಿ.

"ಗ"ದ ಕಮಾನಿಗೆ 5 ನೋಡ್ ಒಳಗೆ ಮುಗಿಯಬೇಕು. ಆಮೇಲೆ "ದ", "ಲ", ಕೊನೆಗೆ "ಅ". "ಅ"ಕ್ಕೆ 10-12 ಸಾಕು. ಎಷ್ಟಾಯಿತು ಅಂತ ತಿಳಿಯಲು ಎಸ್ ಒತ್ತಿ ಗೆರೆಯನ್ನು ಆರಿಸಿದರೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ನೋಡ್ ಲೆಕ್ಕ ಬರುತ್ತದೆ. 30 ಅಂತ ತೋರಿಸಿತಾ? ಅಳಿಸಿ, ಮತ್ತೆ ಮಾಡಿ. ತಿದ್ದುವುದಕ್ಕಿಂತ ಅದು ಬೇಗ ಆಗುತ್ತದೆ.

ಎಳೆಯುವಾಗ ಗೊತ್ತಿರಬೇಕಾದ ನಾಲ್ಕು ಕೀಲಿಗಳು:

1. ಬ್ಯಾಕ್‌ಸ್ಪೇಸ್: ಕೊನೆಯ ನೋಡ್ ಮಾತ್ರ ಹೋಗುತ್ತದೆ. ತಪ್ಪಾದ ಕೂಡಲೇ ಇದನ್ನು ಒತ್ತಿ.
2. ಎಸ್ಕೇಪ್: ಎಳೆದ ಇಡೀ ಗೆರೆ ಹೋಗುತ್ತದೆ. ಅಭ್ಯಾಸಬಲದಿಂದ ಇದನ್ನು ಒತ್ತಿ ಅತ್ತವರಿದ್ದಾರೆ.
3. ಎಂಟರ್: ಗೆರೆಯನ್ನು ಅಲ್ಲಿಗೆ ಮುಗಿಸುತ್ತದೆ, ಬಾಯಿ ತೆರೆದೇ ಇರುತ್ತದೆ.
4. ಶಿಫ್ಟ್ ಒತ್ತಿಕೊಂಡು ಎಳೆದರೆ ಮುಂದಿನ ಹ್ಯಾಂಡಲ್ ಮಾತ್ರ ತಿರುಗುತ್ತದೆ. ಬಾಗಿ ಬಂದ ಗೆರೆ ಒಮ್ಮೆಲೇ ಚೂಪಾಗಿ ತಿರುಗಬೇಕಾದಲ್ಲಿ ಇದು ಬೇಕು.

ಬಣ್ಣ ತುಂಬಬೇಕಾದ ಆಕಾರ ಆದರೆ ಬಾಯಿ ಮುಚ್ಚಬೇಕು. ಕೊನೆಯ ಕ್ಲಿಕ್ ಮೊದಲ ನೋಡ್ ಮೇಲೆಯೇ ಬೀಳಬೇಕು. ಹತ್ತಿರ ಹೋದಾಗ ಆ ಚೌಕದ ಬಣ್ಣ ಬದಲಾಗುತ್ತದೆ, ಅದು ಕಂಡ ಮೇಲೆಯೇ ಒತ್ತಿ. ಬಾಯಿ ಮುಚ್ಚಿಲ್ಲ ಅಂತ ತಿಳಿಯುವುದು ಹೇಗೆ ಅಂದರೆ, ಬಣ್ಣ ತುಂಬಿರುತ್ತದೆ ಆದರೆ ಒಂದು ಬದಿಯಲ್ಲಿ ಅಂಚಿನ ಗೆರೆ ಇರುವುದಿಲ್ಲ. ಆಗ ಎನ್ ಒತ್ತಿ, ತುದಿಯ ಎರಡೂ ನೋಡ್‌ಗಳನ್ನು ಆರಿಸಿ, ಶಿಫ್ಟ್ ಮತ್ತು ಜೆ.

ಮೂಲೆ ಇರಬೇಕಾದ ನೋಡ್ ಬಾಗಾಗಿದ್ದರೆ ಅದನ್ನು ಆರಿಸಿ ಶಿಫ್ಟ್ ಸಿ. ಬಾಗಾಗಬೇಕಾದದ್ದು ಮೂಲೆಯಾಗಿದ್ದರೆ ಶಿಫ್ಟ್ ಎಸ್. ಅಷ್ಟಕ್ಕೆಲ್ಲ ಹೊಸದಾಗಿ ಎಳೆಯಬೇಕಾಗಿಲ್ಲ.

## ಹಂತ 6: ತೊಟ್ಟು — ಅರ್ಧ ಮಾತ್ರ ಬಿಡಿಸಿ

ಈಗ ಗುಳ್ಳದ ಫೈಲ್‌ಗೆ ವಾಪಸ್ ಬನ್ನಿ. ತೊಟ್ಟಿನ ಎಲೆಯ ಎಡ ಅರ್ಧ ಮಾತ್ರ ಪೆನ್ ಟೂಲ್‌ನಲ್ಲಿ ಎಳೆಯಿರಿ. ಎಲೆಯ ಚೂಪು ತುದಿಯಲ್ಲಿ ಸುಮ್ನೆ ಕ್ಲಿಕ್, ನಡುವಿನ ಬಾಗಿನಲ್ಲಿ ಎಳೆತ. ನಡುಗೆರೆಗೆ ಬಂದಾಗ ನೇರವಾಗಿ ಮೇಲೆ ಹೋಗಿ ಬಾಯಿ ಮುಚ್ಚಿ.

ಕಂಟ್ರೋಲ್ ಡಿ ಒತ್ತಿ ಪ್ರತಿ ಮಾಡಿ, ಎಚ್ ಒತ್ತಿ ಕನ್ನಡಿಯ ಹಾಗೆ ತಿರುಗಿಸಿ, ಕಂಟ್ರೋಲ್ ಹಿಡಿದು ಬಲಕ್ಕೆ ಎಳೆಯಿರಿ. ಎರಡೂ ಅರ್ಧಗಳು ನಡುವೆ ಒಂಚೂರು ಒಂದರ ಮೇಲೊಂದು ಬರಬೇಕು. ಬರೀ ತಾಗಿಸಿ ನಿಲ್ಲಿಸಿದರೆ ಕೂಡಿಸಿದ ಮೇಲೂ ಸಂದು ಉಳಿಯುವ ಸಾಧ್ಯತೆ ಇದೆ. ಎರಡನ್ನೂ ಆರಿಸಿ ಕಂಟ್ರೋಲ್ ಮತ್ತು ಪ್ಲಸ್. ಇದು ಯೂನಿಯನ್, ಎರಡನ್ನೂ ಕೂಡಿಸಿ ಒಂದೇ ಆಕಾರ ಮಾಡುತ್ತದೆ.

ಪೂರ್ತಿ ಒಂದೇ ಅಚ್ಚಿನ ಹಾಗೆ ಎರಡೂ ಬದಿ ಇದ್ದರೆ ತರಕಾರಿ ಪ್ಲಾಸ್ಟಿಕ್‌ನದ್ದು ಅನಿಸುತ್ತದೆ. ಎನ್ ಒತ್ತಿ ಬಲಗಡೆಯ ಒಂದು ತುದಿಯನ್ನು ಸ್ವಲ್ಪ ಕೆಳಗೆ ಎಳೆದುಬಿಡಿ. ಕಾಂಡಕ್ಕೆ ಒಂದು ಆಯತ ಹಾಕಿ, ಪಾತ್ ಮಾಡಿ, ಬದಿಗಳನ್ನು ಬಾಗಿಸಿ. ಮುಳ್ಳಿಗೆ ಮೂರು ಕ್ಲಿಕ್‌ನ ಸಣ್ಣ ತ್ರಿಕೋನ, ನಾಲ್ಕೈದು ಸಾಕು. 60 ಮಿಲಿಮೀಟರ್ ಸ್ಟಿಕರ್‌ನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಮುಳ್ಳು ಕಣ್ಣಿಗೆ ಎದ್ದು ಕಾಣುವುದಿಲ್ಲ.

## ಹಂತ 7: ಬಣ್ಣ ಮತ್ತು ಮೈ ಗೆರೆಗಳು

ಕಂಟ್ರೋಲ್, ಶಿಫ್ಟ್, ಎಫ್ ಒತ್ತಿ ಫಿಲ್ ಆ್ಯಂಡ್ ಸ್ಟ್ರೋಕ್ ತೆರೆಯಿರಿ. ಫಿಲ್ ಅಂದರೆ ಒಳಗಿನ ಬಣ್ಣ, ಸ್ಟ್ರೋಕ್ ಅಂದರೆ ಅಂಚಿನ ಗೆರೆ. ಕೆಳಗಿನ ಬಣ್ಣದ ಪಟ್ಟಿಯಲ್ಲಿ ಸುಮ್ನೆ ಒತ್ತಿದರೆ ಫಿಲ್, ಶಿಫ್ಟ್ ಹಿಡಿದು ಒತ್ತಿದರೆ ಸ್ಟ್ರೋಕ್. ಮೈಗೆ ತಿಳಿ ಹಸಿರು: ಆರ್ (ಕೆಂಪು) 176, ಜಿ (ಹಸಿರು) 205, ಬಿ (ನೀಲಿ) 125 ಅಂತ ಹಾಕಿ ನೋಡಿ, ಆಮೇಲೆ ನಿಮ್ಮ ಫೋಟೋಗೆ ತಕ್ಕಂತೆ ಬದಲಿಸಿ. ತೊಟ್ಟಿಗೆ ಅದಕ್ಕಿಂತ ಗಾಢ ಹಸಿರು. ಅಂಚಿನ ಗೆರೆ ತೆಗೆದುಬಿಡಿ.

ತಿಳಿ ಗೆರೆಗಳಿಗೆ ಪೆನ್‌ನಲ್ಲಿ ಬಾಳೆ ಎಲೆಯ ಸೀಳಿನ ಹಾಗೆ ಒಂದು ತೆಳ್ಳಗಿನ ಆಕಾರ ಮಾಡಿ, ನಾಲ್ಕೈದು ಪ್ರತಿ ಮಾಡಿ ಮೈ ಮೇಲೆ ಹರಡಿ. ಮೈಯ ಅಂಚು ದಾಟಿ ಹೊರಗೆ ಹೋದರೂ ಪರವಾಗಿಲ್ಲ. ಎಲ್ಲ ಗೆರೆಗಳನ್ನೂ ಆರಿಸಿ ಯೂನಿಯನ್ ಮಾಡಿ. ಈಗ ಮೈಯನ್ನು ಆರಿಸಿ ಕಂಟ್ರೋಲ್ ಡಿ. ಈ ಪ್ರತಿ ಮತ್ತು ಗೆರೆಗಳು, ಎರಡನ್ನೂ ಆರಿಸಿ ಪಾತ್ ಮೆನುವಿನ ಇಂಟರ್‌ಸೆಕ್ಷನ್ ಕೊಡಿ. ಹೊರಗೆ ಹೋದದ್ದೆಲ್ಲ ಕತ್ತರಿಸಿಹೋಗುತ್ತದೆ. ಉಳಿದದ್ದಕ್ಕೆ ಇನ್ನೊಮ್ಮೆ ತಿಳಿ ಬಣ್ಣ ಕೊಡಬೇಕಾಗಬಹುದು.

ಮೈಯ ಪ್ರತಿ ಮಾಡಲು ಮರೆತರೆ ಇಂಟರ್‌ಸೆಕ್ಷನ್ ಮೈಯನ್ನೇ ನುಂಗುತ್ತದೆ. "ಗುಳ್ಳ ಎಲ್ಲಿ ಹೋಯ್ತು" ಅಂತ ಹುಡುಕುವವರಿಗೆಲ್ಲ ಆಗಿರುವುದು ಇದೇ. ಕಂಟ್ರೋಲ್ ಝಡ್ ಒತ್ತಿ, ಪ್ರತಿ ಮಾಡಿ, ಮತ್ತೆ ಕೊಡಿ.

ಬ್ಲರ್ ಹಾಕಿ, ಅಂದರೆ ಅಂಚು ಮಸುಕು ಮಾಡಿ, ನೆರಳು ಕೊಡುವ ಆಸೆ ಬರುತ್ತದೆ. ಪ್ರೆಸ್‌ಗೆ ಹೋಗುವ ಫೈಲ್‌ನಲ್ಲಿ ಬೇಡ. ಪಿಡಿಎಫ್ ಆಗುವಾಗ ಬ್ಲರ್ ಇರುವ ಭಾಗ ಸಾದಾ ಫೋಟೋದಂತೆ ಪಿಕ್ಸೆಲ್ ಆಗಿಬಿಡುತ್ತದೆ. ನೆರಳು ಬೇಕಿದ್ದರೆ ಮೈಯ ಬಲಗಡೆ ಇನ್ನೊಂದು ಗಾಢ ಹಸಿರಿನ ಚಂದ್ರಾಕಾರ ಇಡಿ.

## ಹಂತ 8: ಕನ್ನಡ ಅಕ್ಷರ

ಅಕ್ಷರ ಲೇಯರ್‌ಗೆ ಹೋಗಿ ಟಿ ಒತ್ತಿ, "ಮಟ್ಟುಗುಳ್ಳ" ಅಂತ ಟೈಪ್ ಮಾಡಿ. ಯೂನಿಕೋಡ್ (ಫಾಂಟ್ ಬದಲಿಸಿದರೂ ಕನ್ನಡವಾಗಿಯೇ ಉಳಿಯುವ ಸಂಕೇತ) ಅಕ್ಷರವೇ ಆಗಿರಬೇಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2, ಅನೆಕ್ ಕನ್ನಡ ಇವೆಲ್ಲ ಉಚಿತ, ಸ್ಟಿಕರ್‌ಗೆ ಚೆನ್ನಾಗಿ ಕಾಣುತ್ತವೆ. ಫಾಂಟ್ ಹಾಕಿದ ಮೇಲೆ ಇಂಕ್‌ಸ್ಕೇಪ್ ಮುಚ್ಚಿ ತೆರೆಯಿರಿ, ಪಟ್ಟಿಯಲ್ಲಿ ಬರುತ್ತದೆ.

ಡಿಟಿಪಿ ಅಂಗಡಿಯಿಂದ ತಂದ ಹಳೆಯ ನುಡಿ ಅಥವಾ ಬರಹದ ಎಎನ್‌ಎಸ್‌ಐ ಪಠ್ಯವನ್ನು ನೇರ ಅಂಟಿಸಿದರೆ ವಿಚಿತ್ರ ಚಿಹ್ನೆಗಳು ಬರುತ್ತವೆ. ಯಾಕೆಂದರೆ ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡದ ಹಾಗೆ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತನ್ನಿ. ನಾಲ್ಕು ಪದ ಆದರೆ ಹೊಸದಾಗಿ ಟೈಪ್ ಮಾಡುವುದೇ ಸುಲಭ.

ಟ ಕೆಳಗೆ ಟ ಒತ್ತು, ಳ ಕೆಳಗೆ ಳ ಒತ್ತು ಸರಿಯಾಗಿ ಕೂತಿದೆಯಾ ಅಂತ ಝೂಮ್ ಮಾಡಿ ನೋಡಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಲು ಹೋಗಬೇಡಿ. ಇಂಗ್ಲಿಷ್‌ಗೆ ಅದು ಚೆಂದ, ಕನ್ನಡದಲ್ಲಿ ಒತ್ತು ಮತ್ತು ಕೊಂಬು ತಮ್ಮ ಅಕ್ಷರ ಬಿಟ್ಟು ದೂರ ಹೋಗಬಹುದು. ಅಂತರ ಸೊನ್ನೆಯಲ್ಲೇ ಇರಲಿ, ಜಾಗ ತುಂಬಬೇಕಿದ್ದರೆ ಅಕ್ಷರ ದೊಡ್ಡದು ಮಾಡಿ.

ವೃತ್ತದ ಮೇಲೆ ಬರೆಯಲು 44 ಮಿಲಿಮೀಟರ್‌ನ ಒಂದು ವೃತ್ತ ಹಾಕಿ. ಪಠ್ಯ ಮತ್ತು ವೃತ್ತ ಎರಡನ್ನೂ ಆರಿಸಿ, ಟೆಕ್ಸ್ಟ್ ಮೆನುವಿನ ಪುಟ್ ಆನ್ ಪಾತ್ ಕೊಡಿ. ಪಠ್ಯ ಎಲ್ಲೋ ಬದಿಯಿಂದ ಶುರುವಾದರೆ ಗಾಬರಿ ಬೇಡ. ವೃತ್ತವನ್ನು ಮಾತ್ರ ಆರಿಸಿ ತಿರುಗಿಸಿ, ಪಠ್ಯ ಅದರ ಜೊತೆ ಸುತ್ತುತ್ತದೆ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಗುಳ್ಳದ ಕಾಂಡಕ್ಕೂ ಪಠ್ಯಕ್ಕೂ ನಡುವೆ ಒತ್ತಿನ ಜಾಗ ಬಿಟ್ಟು ನೋಡಿ. ಹೊರಗಡೆ ಕೂಡ ಕತ್ತರಿಸುವ ಅಂಚಿನಿಂದ 3 ಮಿಲಿಮೀಟರ್ ಒಳಗೇ ಅಕ್ಷರ ಮುಗಿಯಬೇಕು.

ಹಪ್ಪಳ, ಉಪ್ಪಿನಕಾಯಿ ಪ್ಯಾಕೆಟ್‌ನ ಲೇಬಲ್ ಮಾಡುವವರು ಈಗಲೇ ಜಾಗ ಲೆಕ್ಕ ಹಾಕಿ. ತೂಕ, ತಯಾರಿಸಿದ ದಿನ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇವೆಲ್ಲ ಕೊನೆಗೆ ತುರುಕಿದರೆ ಓದಲು ಆಗುವುದಿಲ್ಲ.

## ಟ್ರೇಸ್ ಬಿಟ್‌ಮ್ಯಾಪ್ ಬಗ್ಗೆ ಒಂದು ಮಾತು

ಇಷ್ಟೆಲ್ಲ ಯಾಕೆ, ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ಒತ್ತಿದರೆ ಫೋಟೋ ತಾನೇ ವೆಕ್ಟರ್ ಆಗುತ್ತದಲ್ವಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಕಪ್ಪು ಶಾಯಿಯಲ್ಲಿ ಬರೆದ ಸಹಿ, ಹಳೆಯ ಕಪ್ಪು-ಬಿಳುಪು ಮುದ್ರೆ ಇವಕ್ಕೆ ಅದು ಒಳ್ಳೆಯದು. ಬಣ್ಣದ ಫೋಟೋಗೆ ಹಾಕಿದರೆ ಸಾವಿರಗಟ್ಟಲೆ ನೋಡ್‌ಗಳ ರಾಶಿ ಬರುತ್ತದೆ. ಅದರಲ್ಲಿ ಒಂದು ಅಂಚು ತಿದ್ದುವುದೂ ಕಷ್ಟ, ಕಂಪ್ಯೂಟರ್ ಕೂಡ ತಡವರಿಸುತ್ತದೆ. ಟ್ರೇಸ್ ಮಾಡಿದ್ದನ್ನು ಕಂಟ್ರೋಲ್ ಎಲ್ ಒತ್ತಿ ಸರಳ ಮಾಡಬಹುದು, ಆದರೆ ಒಮ್ಮೆ ಒತ್ತಿ ನಿಂತು ನೋಡಿ. ಬೇಗ ಬೇಗ ಒತ್ತಿದರೆ ಅದರ ಬಲ ಹೆಚ್ಚುತ್ತಾ ಹೋಗಿ ಆಕಾರವೇ ಕರಗುತ್ತದೆ.

## ಹಂತ 9: ಪ್ರೆಸ್‌ಗೆ ಕಳಿಸುವ ಮೊದಲು

ಫೋಟೋ ಲೇಯರ್ ಅಳಿಸಿ. ಮುಚ್ಚಿಟ್ಟರೆ ಸಾಲದು, ಫೈಲ್ ಸುಮ್ನೆ ಭಾರ. ವ್ಯೂ ಮೆನುವಿನ ಡಿಸ್‌ಪ್ಲೇ ಮೋಡ್‌ನಲ್ಲಿ ಔಟ್‌ಲೈನ್ ಆರಿಸಿ. ಬಣ್ಣವೆಲ್ಲ ಹೋಗಿ ಬರೀ ಗೆರೆ ಕಾಣುತ್ತದೆ. ಎಲ್ಲೋ ಮೂಲೆಯಲ್ಲಿ ಬಿಟ್ಟುಹೋದ ಚುಕ್ಕಿ, ಒಂದರ ಅಡಿಯಲ್ಲಿ ಅಡಗಿದ ಪ್ರತಿ, ಎಲ್ಲ ಇಲ್ಲಿ ಸಿಕ್ಕಿಬೀಳುತ್ತವೆ.

ಈಗ "ಕರ್ವ್ ಮಾಡಿ ಕೊಡಿ" ಅಂದರೆ ಏನು ಅಂತ ನೋಡೋಣ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇರುವುದಿಲ್ಲ, ಹಾಗಾಗಿ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾಡಿ ಕೊಡಿ ಅನ್ನುತ್ತಿದ್ದಾರೆ. ಫೈಲ್ ಮೆನುವಿನ ಸೇವ್ ಎ ಕಾಪಿಯಲ್ಲಿ ಪಿಡಿಎಫ್ ಆರಿಸಿದಾಗ ಒಂದು ಡಬ್ಬಿ ತೆರೆಯುತ್ತದೆ, ಅಲ್ಲಿ ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್ ಆರಿಸಿ. ನಿಮ್ಮ ಮೂಲ ಎಸ್‌ವಿಜಿಯಲ್ಲಿ (ಇಂಕ್‌ಸ್ಕೇಪ್ ಸೇವ್ ಮಾಡುವ ಫೈಲ್) ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ನಾಳೆ ಬೆಲೆ ಬದಲಾದರೆ ತಿದ್ದಬಹುದು. ಮೂಲ ಫೈಲ್‌ನಲ್ಲೇ ಕರ್ವ್ ಮಾಡಿ ಸೇವ್ ಮಾಡಿದವರು ಒಂದು ಕಾಗುಣಿತ ತಪ್ಪಿಗಾಗಿ ಎಲ್ಲವನ್ನೂ ಮತ್ತೆ ಕೂರಿಸಬೇಕಾಗುತ್ತದೆ.

ವಾಹನಕ್ಕೆ ಹಾಕುವ ರೇಡಿಯಂ ಸ್ಟಿಕರ್ ಆದರೆ ಇನ್ನೊಂದು ಕೆಲಸ ಉಂಟು. ಅಲ್ಲಿ ಬ್ಲೇಡು ಪ್ರತಿ ಗೆರೆಯ ಮೇಲೂ ಓಡುತ್ತದೆ. ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿದ್ದರೆ ಆ ಜಾಗವನ್ನೂ ಕತ್ತರಿಸಿಬಿಡುತ್ತದೆ. ಹಾಗಾಗಿ ಫೈಲ್‌ನ ಪ್ರತಿಯಲ್ಲಿ ಅಕ್ಷರವನ್ನು ಪಾತ್ ಮಾಡಿ, ಅನ್‌ಗ್ರೂಪ್ ಮಾಡಿ, ಯೂನಿಯನ್ ಕೊಟ್ಟು ಕಳಿಸಿ.

ಬಣ್ಣದ ಬಗ್ಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಾವು ಕೊಟ್ಟ ಬಣ್ಣ ಪರದೆಯ ಆರ್‌ಜಿಬಿ, ಪ್ರೆಸ್ ಹಾಕುವುದು ನಾಲ್ಕು ಶಾಯಿಯ ಸಿಎಂವೈಕೆ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದದಲ್ಲಿ ಮಂಕಾಗಿಯೇ ಬರುತ್ತದೆ. ಬಣ್ಣ ಪರಿವರ್ತನೆ ನೀವೇ ಮಾಡಿಕೊಳ್ಳಿ ಅಂತ ಪ್ರೆಸ್‌ಗೆ ಹೇಳಿ, ಮೊದಲು ಒಂದು ಸ್ಯಾಂಪಲ್ ಕೇಳಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಇಷ್ಟು ಹೊತ್ತು ಮಾಡಿದ ವೆಕ್ಟರ್ ಕೆಲಸವೆಲ್ಲ ನೀರುಪಾಲು. ಫೋನಿನಲ್ಲಿ ತೋರಿಸಲು ಮಾತ್ರ ಬೇಕಿದ್ದರೆ ಕಂಟ್ರೋಲ್, ಶಿಫ್ಟ್, ಇ ಒತ್ತಿ 300 ಡಿಪಿಐನಲ್ಲಿ (ಒಂದು ಇಂಚಿಗೆ ಇಷ್ಟು ಚುಕ್ಕಿ ಅಂತ) ಪಿಎನ್‌ಜಿ ಚಿತ್ರ ತೆಗೆಯಿರಿ. 66 ಮಿಲಿಮೀಟರ್‌ಗೆ ಸುಮಾರು 780 ಪಿಕ್ಸೆಲ್ ಬರಬೇಕು. 250 ಅಂತ ತೋರಿಸಿದರೆ ಡಿಪಿಐ 96ರಲ್ಲೇ ಇದೆ ಅಂತ ಅರ್ಥ.

ಪಿಡಿಎಫ್ ಜೊತೆ ಒಂದು ಸಾಲು ಬರೆಯಿರಿ: "ಪುಟ 66 ಮಿ.ಮೀ., ಕಟಿಂಗ್ 60 ಮಿ.ಮೀ. ಉರುಟು, ಸುತ್ತ 3 ಮಿ.ಮೀ. ಬ್ಲೀಡ್ ಇದೆ, ಅಕ್ಷರ ಕರ್ವ್ ಮಾಡಿದೆ." ಸ್ಯಾಂಪಲ್ ಬಂದ ಮೇಲೆ ಟ್ಯೂಬ್‌ಲೈಟ್ ಅಡಿಯಲ್ಲಿ ನೋಡಿ ಓಕೆ ಅನ್ನಬೇಡಿ. ಅಂಗಳಕ್ಕೆ ಒಯ್ದು ಹಗಲು ಬೆಳಕಿನಲ್ಲಿ, ನಿಜವಾದ ಗುಳ್ಳದ ಮೇಲೆಯೇ ಅಂಟಿಸಿ ನೋಡಿ. ಹಸಿರು ತೀರಾ ಮಂಕಾಗಿದ್ದರೆ ಬಿ ಅಂಕಿ ಸ್ವಲ್ಪ ಇಳಿಸಿ, ಹಳದಿ ಛಾಯೆ ಹೆಚ್ಚುತ್ತದೆ. ಎಸ್‌ವಿಜಿ ನಿಮ್ಮಲ್ಲೇ ಇರುವುದರಿಂದ ತಿದ್ದಿ ಮತ್ತೆ ಪಿಡಿಎಫ್ ಮಾಡಲು ಎರಡು ನಿಮಿಷ ಸಾಕು.